ಕಾವಲಿ ಊಟದ ಮೇಜಿಗೆ ಬರಲಿ

ಜಪಾನಿನ ಒಸಾಕಾದಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದವು. ಅಲ್ಲಿನ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ರಾತ್ರಿಯ ಹೊತ್ತು ಊಟದ ಮೇಜಿನ ನಡುವೆ ವಿದ್ಯುತ್ತಿನಲ್ಲಿ ಕಾಯುವ ಗುಳಿಗಳ ಕಾವಲಿಯೊಂದು ಬಂದು ಕೂರುತ್ತದೆ. ನಮ್ಮ ಪಡ್ಡಿನ ಕಾವಲಿಯನ್ನು ಬಲ್ಲ ಯಾರಿಗೂ ಅದನ್ನು ವಿವರಿಸಿ ಹೇಳಬೇಕಿಲ್ಲ. ಒಸಾಕಾದ ಜನ ಅದರಲ್ಲಿ ಮಾಡುವುದು ತಾಕೊಯಾಕಿ. ಮೈದಾ, ಮೊಟ್ಟೆ ಮತ್ತು ಮೀನಿನ ಸಾರಿನ ತೆಳುವಾದ ಹಿಟ್ಟಿನೊಳಗೆ ಅಷ್ಟಪಾದಿಯ ಒಂದೊಂದು ತುಣುಕನ್ನು ಹಾಕಿ ಬೇಯಿಸುವ ಉಂಡೆ. ಸಸ್ಯಾಹಾರಿಗಳಾದ ನಾವು ಕೊಂಬು ಎಂಬ ಒಣಗಿದ ಕಡಲಸಸ್ಯವನ್ನು ನೆನೆಸಿದ ನೀರಿನಲ್ಲಿ ಹಿಟ್ಟು ಕಲಸಿ, ಒಳಗೆ ಮೆಕ್ಕೆಜೋಳದ ಕಾಳು ಮತ್ತು ಚೀಸ್ ಇಡುತ್ತೇವೆ. ಹಿಟ್ಟನ್ನು ಗುಳಿ ತುಂಬಿ ಹೊರಚೆಲ್ಲುವಷ್ಟು ಹುಯ್ದು, ತಳ ಗಟ್ಟಿಯಾದ ಮೇಲೆ ಸುತ್ತ ಚೆಲ್ಲಿದ್ದನ್ನು ಕಡ್ಡಿಯಿಂದ ಗುಳಿಯೊಳಕ್ಕೆ ಒತ್ತಿ, ಮೊದಲು ಕಾಲು ಸುತ್ತು ತಿರುಗಿಸಿ ಸ್ವಲ್ಪ ತಾಳಿ, ಅನಂತರ ಪೂರ್ತಿ ಮಗುಚಿದರೆ ಉಂಡೆ ಗುಂಡಗಾಗುತ್ತದೆ. ಈ ತಿರುಗಿಸುವ ಕೆಲಸ ಮಕ್ಕಳದು. ನನ್ನ ಎಂಟು ವರ್ಷದ ಮಗಳ ಕೈ ನನ್ನ ಕೈಗಿಂತ ಚುರುಕಾಗಿ ಓಡುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಪಡ್ಡು ಆಗುವುದು ಹೀಗಲ್ಲ. ಹಿಟ್ಟು, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಎಲ್ಲವೂ ಚೆನ್ನಾಗಿರುತ್ತವೆ. ಆದರೆ ಕಾವಲಿ ಇರುವುದು ಅಡುಗೆಮನೆಯ ಒಲೆಯ ಮೇಲೆ, ಅದರ ಮುಂದೆ ನಿಂತಿರುವವರು ಅಮ್ಮ ಅಥವಾ ಅಜ್ಜಿ, ಉಳಿದವರೆಲ್ಲ ಹೊರಗೆ ತಟ್ಟೆ ಹಿಡಿದು ಕಾಯುತ್ತಿರುತ್ತಾರೆ. ದೋಸೆಯ ದಿನವೂ ಹೀಗೆಯೇ. ಎಲ್ಲರಿಗೂ ಬಿಸಿಬಿಸಿಯಾಗಿ ಹುಯ್ದುಕೊಟ್ಟವರು ತಾವು ಕೂರುವ ಹೊತ್ತಿಗೆ ಚಟ್ನಿಯ ಬಟ್ಟಲು ಬರಿದಾಗಿರುತ್ತದೆ. ನಾನು ಬೆಳೆದ ಮನೆಯಲ್ಲಿ ಇದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ; ಮೇಜಿನ ನಡುವೆ ಕಾವಲಿ ಇಟ್ಟು ಮನೆಯವರೆಲ್ಲರೂ ಒಟ್ಟಿಗೆ ಕೂತು ಬೇಯಿಸಿಕೊಂಡು ತಿನ್ನುವ ಊರಿಗೆ ಹೋದ ಮೇಲೆಯೇ ಅದು ನನ್ನ ಕಣ್ಣಿಗೆ ಬಿದ್ದದ್ದು.

ಈ ಸಲದ ರಜೆಯಲ್ಲಿ ಜಯನಗರದ ಅಕ್ಕನ ಮನೆಯಲ್ಲಿ ಮೂರು ವಾರ ಇದ್ದೆವು. ಒಂದು ಸಂಜೆ ಮಕ್ಕಳು ‘ಏಷ್ಯನ್’ ಊಟ ಬೇಕೆಂದು ಕೇಳಿದರು. ಬೆಂಗಳೂರಿನಲ್ಲಿ ಈಗ ಈ ಮಾತಿಗೆ ಚೀನಾ, ಥಾಯ್ಲೆಂಡ್, ಜಪಾನ್, ಕೊರಿಯಾಗಳ ಅಡುಗೆ ಎಂಬ ಅರ್ಥ ನಿಂತುಬಿಟ್ಟಿದೆ. ಮಕ್ಕಳ ಮಟ್ಟಿಗೆ ಅದು ನೂಡಲ್ಸ್ ಮತ್ತು ಗೋಬಿ ಮಂಚೂರಿ. ಅಕ್ಕ ತರಿಸಲು ಫೋನ್ ಕೈಗೆತ್ತಿಕೊಂಡಳು. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸಕೂಡದೆಂದು 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿದ್ದು ಎಲ್ಲರಿಗೂ ನೆನಪಿದೆ, ಆದರೆ ನನ್ನ ಆಕ್ಷೇಪ ಬಣ್ಣಕ್ಕಷ್ಟೇ ಸೀಮಿತವಲ್ಲ. ಕುದಿಯುವ ಎಣ್ಣೆಯ ಬಾಣಲೆಯಲ್ಲಿ ಕರಿದು, ಜೋರು ಉರಿಯಲ್ಲಿ ಸಾಸ್ ಹಾಕಿ ಹುರಿಯುವ ಅಡುಗೆಯ ಹತ್ತಿರಕ್ಕೆ ಆರು ವರ್ಷದ ಮಗುವನ್ನು ಬಿಡಲಾಗದು. ಏಷ್ಯಾದ ಅಡುಗೆ ಎಂದರೆ ಇದೊಂದೇ ಎಂದು ನಾವು ನಂಬಿದ್ದರಿಂದಲೇ ಅದು ಹೊರಗಿನಿಂದ ತರಿಸುವ ಪದಾರ್ಥವಾಗಿ ಉಳಿಯಿತು. ಆ ದೇಶಗಳ ಮನೆಗಳಲ್ಲಿ ಮಕ್ಕಳ ಕೈಗೆ ಬರುವ ಅಡುಗೆಗಳೇ ಬೇರೆ, ಅವು ನಮ್ಮ ಅಡುಗೆಗೆ ಬಹಳ ಹತ್ತಿರದವು.

ನಾನು ಅಕ್ಕನ ಕೈಯಿಂದ ಫೋನ್ ತೆಗೆದಿಟ್ಟು ತೆಮಾಕಿ ಮಾಡೋಣವೆಂದೆ. ತೆಮಾಕಿ ಎಂದರೆ ಕೈಯಲ್ಲೇ ಸುತ್ತಿಕೊಳ್ಳುವ ಸೂಶಿ, ಹುಳಿ ಬೆರೆಸಿದ ಅನ್ನದ ಜಪಾನಿ ತಿನಿಸು. ಅದಕ್ಕೆ ಬಿದಿರಿನ ಚಾಪೆ ಬೇಡ, ಹರಿತವಾದ ಚಾಕು ಬೇಡ, ಅಭ್ಯಾಸವೂ ಬೇಡ. ಜಪಾನಿನಲ್ಲಿ ಮುನ್ನೂರು ಗ್ರಾಂ ಅಕ್ಕಿಯ ಅನ್ನಕ್ಕೆ ಸುಮಾರು ನಾಲ್ಕು ದೊಡ್ಡ ಚಮಚ ಅಕ್ಕಿಯ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು ಬೆರೆಸುತ್ತಾರೆ. ಅಲ್ಲಿನ ಗಿಡ್ಡ ಅಕ್ಕಿ ತಾನೇ ಅಂಟಿಕೊಳ್ಳುತ್ತದೆ, ನಮ್ಮ ಹಳೆಯ ಸೋನಾಮಸೂರಿ ಉದುರುದುರಾಗಿ ನಿಲ್ಲುತ್ತದೆ. ಆದ್ದರಿಂದ ಹೊಸ ಅಕ್ಕಿಯನ್ನು ಆರಿಸಿ, ಒಂದು ಲೋಟ ನೀರು ಹೆಚ್ಚಾಗಿಯೇ ಇಟ್ಟೆ, ವಿನೆಗರ್ ಬದಲು ಅದರ ಅರ್ಧದಷ್ಟು ನಿಂಬೆರಸ ಹಿಂಡಿದೆ. ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ, ಅಕ್ಕನ ಮಗನ ಕೈಗೆ ಬೀಸಣಿಗೆ ಕೊಟ್ಟು ಬೀಸಲು ಹೇಳಿದಾಗ ಅಮ್ಮ ಹತ್ತಿರ ಬಂದು ನೋಡಿ, “ಚಿತ್ರಾನ್ನಕ್ಕೆ ಅನ್ನ ಆರಹಾಕೋದೂ ಹೀಗೇ ಅಲ್ವೇನೋ, ಒಗ್ಗರಣೆ ಒಂದಿಲ್ಲ ಅಷ್ಟೆ” ಎಂದರು. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಹುಳಿ ಬೆರೆಸಿ ಆರಿಸಿದ ಅನ್ನದ ರುಚಿಯನ್ನು ಎರಡೂ ನಾಡುಗಳು ಬಲ್ಲವು. ಅಂಗಡಿಯಿಂದ ತಂದ ನೋರಿ ಎಂಬ ಒಣಗಿದ ಕಡಲಸಸ್ಯದ ಹಾಳೆಯನ್ನು ನಾಲ್ಕು ತುಂಡು ಮಾಡಿದೆವು. ಸೌತೆಕಾಯಿ, ಕ್ಯಾರೆಟ್, ಹುರಿದ ಪನೀರ್, ಮಾಗಿದ ಬೆಣ್ಣೆಹಣ್ಣು ಬೇರೆ ಬೇರೆ ಬಟ್ಟಲುಗಳಲ್ಲಿ ಮೇಜಿಗೆ ಬಂದವು. ತಿನ್ನುವವರೇ ಸುತ್ತಿಕೊಳ್ಳಬೇಕು. ಸೌತೆಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳುವ ಹುಡುಗ ತಾನೇ ಸುತ್ತಿದ ಸುರುಳಿಯಲ್ಲಿದ್ದ ಸೌತೆಕಾಯಿಯನ್ನು ತಕರಾರಿಲ್ಲದೆ ತಿಂದ.

ಅಮ್ಮನಿಗೆ ಒಂದು ಅಳುಕಿತ್ತು, ಎಂಜಲಿನದು. ಒಂದೇ ಬಟ್ಟಲಿಗೆ ಎಲ್ಲರೂ ಕೈಹಾಕುವ ಊಟ ಅವರಿಗೆ ಒಪ್ಪಿಗೆಯಾಗುವುದಿಲ್ಲ, ಆ ಸೂಕ್ಷ್ಮವನ್ನು ನಾನು ಗೌರವಿಸುತ್ತೇನೆ. ಜಪಾನಿನಲ್ಲಿಯೂ ನಡುವಿನ ಪಾತ್ರೆಯಿಂದ ಬಡಿಸಿಕೊಳ್ಳಲು ತೋರಿಬಾಶಿ ಎಂಬ ಪ್ರತ್ಯೇಕ ಕಡ್ಡಿಗಳನ್ನು ಇಡುವ ರೂಢಿಯಿದೆ ಎಂದು ಹೇಳಿ, ಬಟ್ಟಲಿಗೊಂದು ಚಮಚ ಇಟ್ಟೆವು. ಅಳುಕು ಅಲ್ಲಿಗೆ ಕಳೆಯಿತು.

ಮಕ್ಕಳನ್ನು ಅಡುಗೆಯಿಂದ ದೂರವಿಡುವುದಕ್ಕೆ ಬೆಂಗಳೂರಿನಲ್ಲಿ ಕಾರಣಗಳಿಲ್ಲವೆಂದಲ್ಲ. ಅಪ್ಪ ಅಮ್ಮ ಟ್ರಾಫಿಕ್ಕಿನಲ್ಲಿ ಸಿಲುಕಿ ಎಂಟು ಗಂಟೆಗೆ ಮನೆ ಸೇರುತ್ತಾರೆ, ಮಕ್ಕಳಿಗೆ ಟ್ಯೂಷನ್ ಇರುತ್ತದೆ, ಅಡುಗೆಯವರು ಸಂಜೆಯೇ ಸಾರು ಪಲ್ಯ ಮಾಡಿಟ್ಟು ಹೋಗಿರುತ್ತಾರೆ. ಅಡುಗೆಮನೆಗೆ ಬಂದ ಮಗುವಿಗೆ ನಾವು ಹೇಳುವ ಮೊದಲ ಮಾತು “ಹೋಗಿ ಓದ್ಕೋ” ಎಂಬುದು. ಜಪಾನಿನ ಶಾಲೆ ಅಡುಗೆಯನ್ನು ಓದಿನ ಭಾಗವೆಂದೇ ಎಣಿಸುತ್ತದೆ. ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಲ್ಲಿ ಗೃಹವಿಜ್ಞಾನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಡ್ಡಾಯ, ಅನ್ನ ಮಾಡುವುದು ಮತ್ತು ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟಿನ ಸಾರು ಕಾಯಿಸುವುದು ಆ ಪಾಠದೊಳಗಿವೆ. ಮಧ್ಯಾಹ್ನದ ಊಟವನ್ನು ಮಕ್ಕಳೇ ಸರದಿಯಲ್ಲಿ ಏಪ್ರನ್ ಕಟ್ಟಿಕೊಂಡು ತರಗತಿಗೆ ಬಡಿಸುತ್ತಾರೆ. ಆಹಾರ ಶಿಕ್ಷಣಕ್ಕೆಂದೇ 2005ರಲ್ಲಿ ಅಲ್ಲಿ ಒಂದು ಕಾಯಿದೆ ಬಂದಿದೆ. ನನ್ನ ಮಗ ಐದನೆಯ ತರಗತಿಯಲ್ಲಿ ಅನ್ನ ಮಾಡುವುದನ್ನು ಕಲಿತು ಬಂದ ದಿನ ನನಗೆ ಆದ ಸಂತೋಷ ಅವನ ಗಣಿತದ ಅಂಕಗಳಿಂದ ಆಗಿರಲಿಲ್ಲ. ಅಡುಗೆ ಹೆಣ್ಣುಮಕ್ಕಳ ಪಾಲಿನದು ಎಂಬ ಮಾತನ್ನು ಕೇಳದೆ ಬೆಳೆಯುವ ಗಂಡುಮಕ್ಕಳು ನಮ್ಮಲ್ಲಿಯೂ ಬೇಕು.

ಹೊರನಾಡಿನದೇ ಮೇಲೆಂದು ನಾನು ಹೇಳುತ್ತಿಲ್ಲ. ಅಮ್ಮ ದೊಡ್ಡ ಪಾತ್ರೆಯಲ್ಲಿ ಅನ್ನ ಹುಳಿ ಕಲಸಿ ಸುತ್ತ ಕೂತ ಮಕ್ಕಳ ಅಂಗೈಗೆ ಒಂದೊಂದೇ ಕೈತುತ್ತು ಇಡುವ ಸುಖ ಒಸಾಕಾದ ಯಾವ ಮನೆಯಲ್ಲಿಯೂ ನನಗೆ ಸಿಕ್ಕಿಲ್ಲ. ಗೌರಿ ಗಣೇಶ ಹಬ್ಬದಲ್ಲಿ ನಮ್ಮ ಮಕ್ಕಳು ಕಡುಬಿನ ಅಂಚು ಮಡಿಸಲು ಕೂರುತ್ತಾರೆ. ಗ್ಯೋಜಾ ಎಂಬ ಜಪಾನಿನ ಕಡುಬಿಗೆ ಬೇಕಾದದ್ದೂ ಅದೇ ಮಡಿಕೆ, ಒಳಗೆ ಹೂರಣದ ಬದಲು ಉಪ್ಪು ಹಾಕಿ ಹಿಂಡಿದ ಎಲೆಕೋಸು ಇರುತ್ತದೆ. ಹಬ್ಬದ ದಿನ ಮಾತ್ರ ಸಿಗುವ ಆ ಸಲುಗೆ ವಾರದ ಒಂದು ಸಾಮಾನ್ಯ ರಾತ್ರಿಗೂ ಸಿಗಲಿ ಎಂಬುದಷ್ಟೇ ನನ್ನ ಆಸೆ.

ಹೊರಡುವ ಹಿಂದಿನ ರಾತ್ರಿ ಅಕ್ಕನ ಇಂಡಕ್ಷನ್ ಒಲೆಯನ್ನು ಊಟದ ಮೇಜಿಗೆ ತಂದು, ತಳ ಚಪ್ಪಟೆಯಾಗಿದ್ದ ಬೀಡಿನ ಪಡ್ಡಿನ ಕಾವಲಿಯನ್ನು ಅದರ ಮೇಲಿಟ್ಟೆವು. ಒಲೆಯ ತಂತಿ ಯಾರ ಕಾಲಿಗೂ ತೊಡರದಂತೆ ಗೋಡೆಯ ಕಡೆಗೆ ಎಳೆದು, ಮಕ್ಕಳ ತೋಳುಗಳನ್ನು ಮಡಿಸಿ, ಬಿಸಿ ಅಂಚನ್ನು ಮುಟ್ಟಬಾರದೆಂದು ಎರಡು ಸಲ ಹೇಳಿದೆವು. ನನ್ನ ಮಗಳು ಕಾಲು ಸುತ್ತು ತಿರುಗಿಸುವುದನ್ನು ಅತ್ತೆಗೆ ಕಲಿಸಿದಳು. ಅಕ್ಕನ ಮಗ ಮೊದಲ ಮೂರು ಪಡ್ಡುಗಳನ್ನು ಒಡೆದ, ನಾಲ್ಕನೆಯದು ಗುಂಡಗೆ ಬಂದಾಗ “ಮಾಮ, ಇದು ಅಜ್ಜಿಗೆ” ಎಂದು ಕಡ್ಡಿಯಲ್ಲಿ ಚುಚ್ಚಿ ಚಾಚಿದ. ಅಮ್ಮ ಅಡುಗೆಮನೆಗೆ ಹೋಗಲೆಂದು ಅರ್ಧ ಎದ್ದಿದ್ದವರು ಮತ್ತೆ ಕೂತು, ಊದಿ ಊದಿ ತಿಂದರು.