ಹೋದ ವಾರ ಬರಬೇಕಿತ್ತು

ಊರಿನಿಂದ ಬಂದ ನೆಂಟರಿಗೆ ಬೆಂಗಳೂರನ್ನು ತೋರಿಸುವುದು ಸುಲಭವೆಂದು ತಿಳಿದವರು ಪಂಚಾಂಗವನ್ನು ತೆರೆದು ನೋಡಿರುವುದಿಲ್ಲ. ದೆಹಲಿಯ ಕೆಂಪುಕೋಟೆ, ಹೈದರಾಬಾದಿನ ಚಾರ್‌ಮಿನಾರ್‌ ಮುಂತಾದವು ಯಾವ ತಿಂಗಳಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ ಭಂಗಿಯಲ್ಲಿ ನಿಂತಿರುತ್ತವೆ. ಬೆಂಗಳೂರಿನ ಸ್ವಭಾವ ಬೇರೆ. ಇಲ್ಲಿ ನೋಡಬೇಕಾದದ್ದು ಜಾಗಕ್ಕಿಂತ ಹೆಚ್ಚಾಗಿ ತಿಥಿ, ವಾರ, ಗಳಿಗೆಗಳಿಗೆ ಅಂಟಿಕೊಂಡಿದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನಡೆಯುವುದು ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯ ದಿನಕ್ಕೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರಕ್ಕೆ. ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಚೈತ್ರ ಹುಣ್ಣಿಮೆಯ ರಾತ್ರಿಗೆ. ಗವಿ ಗಂಗಾಧರೇಶ್ವರನ ಲಿಂಗಕ್ಕೆ ಸೂರ್ಯರಶ್ಮಿ ಮುಟ್ಟುವುದು ಮಕರ ಸಂಕ್ರಾಂತಿಯ ಸಂಜೆ, ಅದೂ ಕೆಲವೇ ನಿಮಿಷ. ನೆಂಟರು ಬರುವುದು ಮಾತ್ರ ಇವೆಲ್ಲವುಗಳ ನಡುವೆ ಉಳಿದಿರುವ ಖಾಲಿ ದಿನಗಳಲ್ಲಿ. ಹೀಗಾಗಿ ಬೆಂಗಳೂರಿನಲ್ಲಿ ಮನೆ ಮಾಡಿರುವ ನಾವು ನೆಂಟರಿಗೆ ಊರು ತೋರಿಸುವ ಹೆಸರಿನಲ್ಲಿ ಮಾಡುವ ಕೆಲಸವೇನೆಂದರೆ, ಆಗಿಹೋದದ್ದನ್ನು ವರ್ಣಿಸುವುದು ಮತ್ತು ಮುಂದೆ ಆಗಲಿರುವುದನ್ನು ಆಸೆ ಹುಟ್ಟುವಂತೆ ಹೇಳುವುದು.

ನನ್ನ ಸೋದರಮಾವ ಮತ್ತು ಅತ್ತೆ ಜೋಗದ ಸೀಮೆಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವರು. ಅವರಿಗೂ ಒಂದು ಪಂಚಾಂಗವಿದೆ. ಅದನ್ನು ಬರೆಯುವುದು ಅಡಿಕೆ ಮರ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆಗೆ ಬನ್ನಿ ಎಂದರೆ ಆಗ ಕೊಯ್ಲು ಶುರುವಾಗಿರುತ್ತದೆ, ಮರ ಹತ್ತುವ ಕೊನೆಗೌಡ ಯಾವ ದಿನ ಸಿಗುತ್ತಾನೋ ಆ ದಿನವೇ ಅವರಿಗೆ ಹಬ್ಬ. ಜನವರಿಯ ಪುಷ್ಪ ಪ್ರದರ್ಶನದ ಹೊತ್ತಿಗೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ನಡೆದಿರುತ್ತದೆ. ಆಗಸ್ಟಿನ ಪ್ರದರ್ಶನಕ್ಕಾದರೂ ಬನ್ನಿ ಎಂದರೆ, ಮಳೆ ಬಿಡುವು ಕೊಟ್ಟ ಒಂದೆರಡು ದಿನಗಳಲ್ಲಿ ಕೊನೆಗಳಿಗೆ ಎರಡನೆಯ ಸುತ್ತಿನ ಬೋರ್ಡೋ ದ್ರಾವಣ ಹೊಡೆಸದಿದ್ದರೆ ಕೊಳೆ ರೋಗ ಬಂದು ವರ್ಷದ ಫಸಲೇ ಉದುರಿಹೋಗುತ್ತದೆ. ಅಡಿಕೆಯ ಪಂಚಾಂಗಕ್ಕೂ ಬೆಂಗಳೂರಿನ ಪಂಚಾಂಗಕ್ಕೂ ಇರುವ ಸಂಬಂಧವನ್ನು ಜೋಯಿಸರ ಭಾಷೆಯಲ್ಲಿ ಹೇಳುವುದಾದರೆ ಷಡಷ್ಟಕ. ಆದ್ದರಿಂದ ಅವರು ಶಿವರಾತ್ರಿ ಕಳೆದ ಮೇಲೆ ಬಂದರು, ಯುಗಾದಿಗೆ ಮೊದಲು ಮನೆ ಸೇರಬೇಕೆಂಬ ಷರತ್ತಿನೊಂದಿಗೆ ಬಂದರು.

ಮೊದಲು ಹೋದದ್ದು ಲಾಲ್‌ಬಾಗಿಗೆ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಈ ತೋಟ ಇಂದು ಸುಮಾರು 240 ಎಕರೆ ಇದೆ ಎಂಬುದನ್ನು ಕೇಳಿದ ಮಾವ, ಅಷ್ಟಕ್ಕೂ ನೀರು ಎಲ್ಲಿಂದ ಎಂದು ವಿಚಾರಿಸಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಕಟ್ಟಿದ, 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯ ಮುಂದೆ ನಿಂತೆವು. ಒಳಗೆ ಹೂವಿರಲಿಲ್ಲ. ಲಕ್ಷಾಂತರ ಹೂಗಳಿಂದ ಪ್ರತಿ ಸಲವೂ ಒಂದೊಂದು ಕಟ್ಟಡದ ಅಥವಾ ದೇಗುಲದ ಮಾದರಿಯನ್ನು ಇಲ್ಲಿ ನಿಲ್ಲಿಸುತ್ತಾರೆ, ನೋಡಲು ಬಂದವರ ಸಾಲು ಹೊರಗಿನ ರಸ್ತೆಯವರೆಗೆ ಹೋಗುತ್ತದೆ ಎಂದು ನಾನು ಕೈ ಎತ್ತಿ ಗಾಳಿಯಲ್ಲಿ ಚಿತ್ರ ಬರೆದು ತೋರಿಸಿದೆ. ಅತ್ತೆ ನನ್ನ ಕೈ ಹೋದ ಕಡೆಯೆಲ್ಲ ಕತ್ತು ತಿರುಗಿಸಿ ನೋಡಿದರು. ಖಾಲಿ ಗಾಜಿನ ಮನೆಯಲ್ಲಿ ಅವರಿಗೆ ಇಷ್ಟೊಂದು ಕಾಣುತ್ತಿರುವಾಗ ನಿಲ್ಲಿಸುವುದು ಸರಿಯಲ್ಲವೆಂದು ನಾನೂ ಕೆಲವು ಹೂಗಳನ್ನು ಹೆಚ್ಚಿಗೆ ಸೇರಿಸಿದೆ.

ಆ ತಿಂಗಳಲ್ಲಿ ಬೆಂಗಳೂರು ನಿಜವಾಗಿ ತೋರಿಸಬಲ್ಲದ್ದು ಬೀದಿಯ ಮರಗಳನ್ನು. ಜರ್ಮನಿಯಿಂದ ಬಂದು ಮೈಸೂರು ಸಂಸ್ಥಾನದ ತೋಟಗಳನ್ನು ನೋಡಿಕೊಂಡ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ನಗರದ ಸಾಲುಮರಗಳನ್ನು ಆರಿಸಿ ನೆಡಿಸಿದರು. ಎಲೆಯೆಲ್ಲ ಉದುರಿ ಮೈತುಂಬ ಗುಲಾಬಿ ಬಣ್ಣವನ್ನೇ ಹೊದ್ದು ನಿಂತಿದ್ದ ಟಬೆಬುಯಾ ಮರವೊಂದರ ಕೆಳಗೆ ನಿಂತು ನಾನು, ಇದಂತೂ ನೀವು ಬಂದ ಕಾಲಕ್ಕೇ ಅರಳಿದೆ ನೋಡಿ ಎಂದು ಗೆದ್ದವನಂತೆ ಹೇಳಿದೆ. ಮಾವ ಬುಡದಿಂದ ತುದಿಯವರೆಗೆ ನೋಡಿದರು. “ಇದರ ಸೊಪ್ಪು ಗೊಬ್ಬರಕ್ಕೆ ಬರುತ್ತದಾ?” ಎಂದರು. ಗೊತ್ತಿಲ್ಲವೆಂದೆ. “ಕಟ್ಟಿಗೆ?” ಅದೂ ಗೊತ್ತಿಲ್ಲವೆಂದೆ. ಮರದ ಬಗ್ಗೆ ಅವರಿಗಿದ್ದ ಗೌರವಕ್ಕೂ ನನ್ನ ಬಗ್ಗೆ ಇದ್ದ ಗೌರವಕ್ಕೂ ಒಟ್ಟಿಗೇ ಪೆಟ್ಟು ಬಿತ್ತು.

ಅಲ್ಲಿಂದ ಬಂಡೆಯ ಮೇಲೆ ಹತ್ತಿದೆವು. ಲಾಲ್‌ಬಾಗಿನ ಈ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕವನ್ನೂ ಹಾಕಿದ್ದಾರೆ. ಮಾವ ಅದರ ಮೇಲೆ ಕುಳಿತು ಎಲೆಯಡಿಕೆ ಸಂಚಿಯನ್ನು ಬಿಚ್ಚಿ, ನಾನು ಹೇಳಿದ ವಯಸ್ಸನ್ನು ಇನ್ನೊಮ್ಮೆ ಹೇಳಿಸಿಕೊಂಡು, “ಇದೊಂದಾದರೂ ನಾವು ಬರುವವರೆಗೆ ಕಾದಿದೆಯಲ್ಲ ಮಾರಾಯ” ಎಂದರು. ಬಂಡೆಯ ನೆತ್ತಿಯಲ್ಲಿರುವ ಗೋಪುರ, 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರ ಹೆಸರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು. ಊರು ಇವುಗಳನ್ನು ದಾಟಿ ಬೆಳೆದರೆ ಕೇಡು ಎಂಬ ಪ್ರತೀತಿಯಿದೆ ಎಂದು ನಾನು ವಿವರಿಸಿದೆ. ದಾಟಿ ಬೆಳೆದಿದೆಯೋ ಎಂದು ಮಾವ ಕೇಳಿದರು. ಬೆಳೆದಿದೆ ಎಂದೆ. ಹಾಗಾದರೆ ಕೇಡೆಲ್ಲಿ ಎಂದರು. ನಾನು ಉತ್ತರ ಕೊಡುವ ಬದಲು ಸಂಜೆ ಆರೂವರೆಯ ಹೊತ್ತಿಗೆ ಅವರನ್ನು ಮನೆಯ ದಾರಿಯ ಬಸ್ಸಿನಲ್ಲಿ ಕೂರಿಸಿದೆ.

ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿ ಮುಗಿದು ಬಹಳ ದಿನಗಳಾಗಿದ್ದವು. ಅಂಗಳದ ಸೂರ್ಯಪಾನ ಮತ್ತು ಚಂದ್ರಪಾನವೆಂಬ ಕಲ್ಲಿನ ದೊಡ್ಡ ಬಿಲ್ಲೆಗಳನ್ನು ನೋಡಿ, ಗುಹೆಯೊಳಗೆ ತಲೆ ಬಗ್ಗಿಸಿ ಸುತ್ತು ಬಂದು, ಸೂರ್ಯನ ಕಿರಣ ನಂದಿಯ ಎರಡು ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಬಗೆಯನ್ನು ನಾನು ಹೇಳತೊಡಗಿದಾಗ ಹಿಂದಿದ್ದ ಸಾಲು ನಮ್ಮನ್ನು ಮುಂದಕ್ಕೆ ತಳ್ಳಿತು. ಅತ್ತೆ ಮಾತ್ರ ತಳ್ಳಾಟದ ನಡುವೆಯೇ ಕಿಂಡಿಯ ಕಡೆಗೆ ತಿರುಗಿ, ಬರುವ ವರ್ಷದ ಸೂರ್ಯನಿಗೆ ಮುಂಗಡವಾಗಿ ಕೈಮುಗಿದು ಬಂದರು. ಅದೇ ದಿನ ನೋಡಿದ ದೊಡ್ಡ ಬಸವಣ್ಣನ ಗುಡಿಯಲ್ಲೂ ಇದೇ ಕಥೆ: ರೈತರ ಕಡಲೆಕಾಯಿ ಹೊಲವನ್ನು ಮೇಯುತ್ತಿದ್ದ ಬಸವ, ಅವನನ್ನು ಶಾಂತಗೊಳಿಸಲು ಮೊದಲ ಬೆಳೆಯ ಹರಕೆ, ಪರಿಷೆಯ ದಿನ ರಸ್ತೆಯ ಎರಡೂ ಬದಿಗೆ ಗುಡ್ಡೆಗುಡ್ಡೆಯಾಗಿ ಸುರಿದ ಕಾಯಿ. ಕಥೆ ಮುಗಿದ ಮೇಲೆ ಮಗ ಎಲ್ಲಿಂದಲೋ ಒಂದು ಪೊಟ್ಟಣ ಹುರಿದ ಕಡಲೆಬೀಜವನ್ನು ತಂದು ಅಜ್ಜನ ಕೈಗಿಟ್ಟ. ಪರಿಷೆ ಅಷ್ಟಕ್ಕೇ ಮುಗಿಯಿತು.

ವಿಧಾನಸೌಧಕ್ಕೆ ಮೆಟ್ರೊದಲ್ಲಿ ಹೋಗುವುದೆಂದು ತೀರ್ಮಾನವಾಯಿತು. ವಿಜಯನಗರದಿಂದ ನೇರಳೆ ಮಾರ್ಗದಲ್ಲಿ ಹತ್ತಿದರೆ ಎಲ್ಲಿಯೂ ಬದಲಿಸದೆ ವಿಧಾನಸೌಧದ ಬಾಗಿಲಲ್ಲೇ ಇಳಿಯಬಹುದು. ಸೂರ್ಯ ಮುಳುಗುವ ಮೊದಲೇ ತಲುಪಿ ಆ ಕಲ್ಲುಕಟ್ಟಡವನ್ನು ಸಂಜೆಯ ಬೆಳಕಿನಲ್ಲಿ ತೋರಿಸಬೇಕೆಂಬುದು ನನ್ನ ಲೆಕ್ಕಾಚಾರ. ನಿಲ್ದಾಣದ ಎಕ್ಸ್‌ರೇ ಯಂತ್ರದೊಳಗೆ ಮಾವನ ಸಂಚಿ ಹೋಯಿತು, ಯಂತ್ರ ನಿಂತಿತು. ಪರದೆಯ ಮೇಲೆ, ಎಲೆ, ಸುಣ್ಣದ ಡಬ್ಬಿ, ತಂಬಾಕಿನ ನಡುವೆ, ಬಾಯಿ ತೆರೆದುಕೊಂಡ ಒಂದು ಆಯುಧ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಮಾವನ ಅಜ್ಜನ ಕಾಲದ ಅಡಕತ್ತರಿ. ಕಾವಲಿಗಿದ್ದ ಹುಡುಗ ಉತ್ತರ ಕರ್ನಾಟಕದವನು. ಸಂಚಿಯಿಂದ ಅದನ್ನು ಭಕ್ತಿಯಿಂದಲೇ ಹೊರತೆಗೆದು, “ನಮ್ಮ ಮನ್ಯಾಗೂ ಐತ್ರಿ ಅಜ್ಜಾರ, ಆದ್ರ ಒಳಗ ಬಿಡಂಗಿಲ್ರಿ” ಎಂದ. ನಿಯಮ ಸರಿಯಾಗಿಯೇ ಇತ್ತು. ಅಡಿಕೆ ಹೋಳು ಮಾಡುವುದಕ್ಕಲ್ಲದೆ ಅದನ್ನು ಬೇರೆ ಯಾವುದಕ್ಕೂ ಬಳಸಿಲ್ಲವೆಂದು ಮಾವ ಹೇಳಿದ್ದೂ ಸರಿಯಾಗಿಯೇ ಇತ್ತು. ಎರಡು ಸರಿಗಳ ನಡುವೆ ಸಾಲು ಬೆಳೆಯುತ್ತಿತ್ತು. ಅದನ್ನು ಹತ್ತಿರದ ಅಂಗಡಿಯಲ್ಲಿ ಇಟ್ಟು ಹೋಗೋಣವೆಂದರೆ ಮಾವ ಒಪ್ಪಲಿಲ್ಲ. ಮೂರು ತಲೆಮಾರಿನ ವಸ್ತುವನ್ನು ಪರಿಚಯವಿಲ್ಲದವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಿಡಲು ಸಾಧ್ಯವಿಲ್ಲವೆಂದರು. ಕೊನೆಗೆ ಮಗನ ಜೊತೆಯಲ್ಲಿ ಅವರಿಬ್ಬರೂ ಮೆಟ್ರೊದಲ್ಲಿ ಹೋಗುವುದು, ಅಡಕತ್ತರಿಯ ಜೊತೆಯಲ್ಲಿ ನಾನು ಬಸ್ಸಿನಲ್ಲಿ ಹೋಗುವುದು ಎಂದಾಯಿತು.

ಅವರ ಪ್ರಯಾಣದಲ್ಲಿ ಹೇಳುವಂಥದ್ದೇನೂ ಇರಲಿಲ್ಲ, ಕುಳಿತರು, ಇಳಿದರು. ನಾನು ಮತ್ತು ಅಡಕತ್ತರಿ ಮಾಗಡಿ ರಸ್ತೆಯನ್ನು, ಮೆಜೆಸ್ಟಿಕ್ಕನ್ನು, ಕೆಂಪೇಗೌಡ ರಸ್ತೆಯನ್ನು, ಅವುಗಳ ಪ್ರತಿಯೊಂದು ಸಿಗ್ನಲ್ಲನ್ನು ಬಿಡದೆ ನೋಡಿದೆವು. ಬೆಂಗಳೂರನ್ನು ಆ ದಿನ ಸಾವಕಾಶವಾಗಿ, ಸಾಂಗವಾಗಿ ದರ್ಶನ ಮಾಡಿದ ಪ್ರವಾಸಿಯೆಂದರೆ ಆ ಅಡಕತ್ತರಿಯೇ. ನಾವು ತಲುಪುವಾಗ ಕತ್ತಲಾಗಿತ್ತು. ಎಲ್ಲರೂ ಒಟ್ಟಿಗೇ ನೋಡೋಣವೆಂದು ಮಾವ, ಅತ್ತೆ, ಮಗ ನಿಲ್ದಾಣದೊಳಗೇ ಕಾದು ಕುಳಿತಿದ್ದರಿಂದ ಸಂಜೆಯ ಬೆಳಕನ್ನು ಯಾರೂ ನೋಡಿರಲಿಲ್ಲ. ದೀಪಾಲಂಕಾರವಾದರೂ ಇರುತ್ತದೆಯೇ ಎಂದರೆ ಅದು ರಜಾದಿನಗಳ ಸಂಜೆಗೆ ಮೀಸಲು, ಅಂದು ಬುಧವಾರ. ನೆಹರೂ 1951ರಲ್ಲಿ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರು ಪಟ್ಟು ಹಿಡಿದು ಕಟ್ಟಿಸಿದ್ದು, 1956ರಲ್ಲಿ ಮುಗಿದದ್ದು ಇವನ್ನೆಲ್ಲ ನಾನು ಕತ್ತಲೆಯ ಒಂದು ದೊಡ್ಡ ಆಕಾರದ ಕಡೆಗೆ ಬೆರಳು ಮಾಡಿ ಹೇಳಿದೆ. ಕಟ್ಟಡದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆಸಿದ್ದಾರೆ, ಕತ್ತಲಲ್ಲಿ ಕಾಣುವುದಿಲ್ಲ ಎಂದೆ. “ಕಾಣದಿದ್ದರೂ ನಂಬುತ್ತೇನೆ” ಎಂದರು ಮಾವ. “ನಮ್ಮ ಜಮೀನಿನ ಪೋಡಿಗೆ ಅರ್ಜಿ ಕೊಟ್ಟ ಮೇಲೆ ನಾನೂ ದೇವರ ಮೇಲೆಯೇ ಭಾರ ಹಾಕಿದ್ದೇನೆ.”

ಸೋಮವಾರ ಕಸ್ತೂರಬಾ ರಸ್ತೆಗೆ ಹೋದಾಗ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ವಾರದ ರಜೆ. ಕೆಂಪು ಕಟ್ಟಡದ ಹೊರಗೆ ನಿಂತು, 1865ರಲ್ಲಿ ಆರಂಭವಾದ ಸಂಸ್ಥೆಯಿದು, ಒಳಗೆ ಶಾಸನಗಳೂ ಶಿಲ್ಪಗಳೂ ಇವೆ ಎಂದು ಹೇಳುವಷ್ಟರಲ್ಲಿ ಅತ್ತೆ, “ನಿನ್ನೆ ಬರಬೇಕಿತ್ತು ಅಲ್ಲವಾ?” ಎಂದು ನನ್ನ ಪಾಲಿನ ಮಾತನ್ನೂ ತಾವೇ ಹೇಳಿ ಮುಗಿಸಿದರು. ಪಕ್ಕದಲ್ಲೇ ಇರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ನಮ್ಮನ್ನು ಕಾಪಾಡಿತು. ದೀಪಾವಳಿ ಮತ್ತು ಗಣೇಶ ಚತುರ್ಥಿ ಬಿಟ್ಟರೆ ಅದು ಬಾಗಿಲು ಮುಚ್ಚುವುದಿಲ್ಲ. ವಿಶ್ವೇಶ್ವರಯ್ಯನವರ ಹೆಸರಿಟ್ಟುಕೊಂಡು ಬೇರೆ ರೀತಿಯಲ್ಲಿ ನಡೆದುಕೊಳ್ಳುವುದು ಕಷ್ಟವೂ ಹೌದು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಮುಂದೆ ಮಾವ ಅರೆಗಳಿಗೆಯೂ ನಿಲ್ಲಲಿಲ್ಲ. ಎಂಜಿನ್ನುಗಳ ವಿಭಾಗಕ್ಕೆ ಬಂದ ಮೇಲೆ ಮುಂದಕ್ಕೆ ಹೋಗಲಿಲ್ಲ. ಪಿಸ್ಟನ್ ಚಲಿಸುವುದನ್ನು ತೋರಿಸುವ ಮಾದರಿಯ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ, ತಮ್ಮ ತೋಟದ ಡೀಸೆಲ್ ಪಂಪು ಬೇಸಿಗೆಯಲ್ಲಿ ಏಕೆ ಉಸಿರುಗಟ್ಟುತ್ತದೆ ಎಂಬುದನ್ನು ನನಗೆ ವಿವರಿಸತೊಡಗಿದಾಗ, ಸಮವಸ್ತ್ರ ತೊಟ್ಟ ಶಾಲಾ ಮಕ್ಕಳ ಹಿಂಡೊಂದು ಇವರು ಅಲ್ಲಿಯ ವಿವರಣಕಾರರೆಂದೇ ತಿಳಿದು ಸುತ್ತುವರಿಯಿತು. ಅವರ ಮೇಷ್ಟ್ರು ಟಿಪ್ಪಣಿ ಬರೆದುಕೊಳ್ಳಿ ಎಂದು ಮಕ್ಕಳಿಗೆ ಸೂಚಿಸಿದರು. ನಳಿಗೆಯಲ್ಲಿ ಗಾಳಿ ಹಿಡಿದರೆ ಏನು ಮಾಡಬೇಕೆಂಬುದನ್ನು ನಗರದ ಹಲವು ಮಕ್ಕಳು ಅಂದು ಬರೆದುಕೊಂಡಿದ್ದಾರೆ. ಪರೀಕ್ಷೆಯಲ್ಲಿ ಅದು ಬಂದಿತೋ ಇಲ್ಲವೋ.

ಉಳಿದದ್ದು ನಾಟಕ. ಜೆ.ಪಿ. ನಗರದ ರಂಗಶಂಕರದಲ್ಲಿ ಆಟ ಸರಿಯಾಗಿ ಏಳೂವರೆಗೆ ಆರಂಭವಾಗುತ್ತದೆ, ಆಮೇಲೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. 2004ರಿಂದ ಈ ಶಿಸ್ತನ್ನು ಉಳಿಸಿಕೊಂಡು ಬಂದಿರುವ ರಂಗಮಂದಿರ ಬೆಂಗಳೂರಿಗೆ ಹೆಮ್ಮೆಯೆಂದು ನಾನು ಆಟೋದಲ್ಲಿ ಹೇಳುತ್ತಲೇ ಇದ್ದೆ, ಬನಶಂಕರಿಯ ಹತ್ತಿರ ಆಟೋ ನಿಂತೇ ಇತ್ತು. ಮನೆಯಿಂದ ಎರಡು ಗಂಟೆ ಮೊದಲೇ ಹೊರಟವರು ನಾಲ್ಕು ನಿಮಿಷ ತಡವಾಗಿ ತಲುಪಿದೆವು. ಬಾಗಿಲು ಮುಚ್ಚಿತ್ತು. ನಾನು ಹೊಗಳಿದ ನಿಯಮ ನನ್ನ ಮುಂದೆಯೇ ನಿಂತಿದ್ದುದರಿಂದ ಬೈಯಲು ಅವಕಾಶವಿರಲಿಲ್ಲ. ಹೊರಗಿನ ಕೆಫೆಯಲ್ಲಿ ಕಾಫಿ ಕುಡಿಯುತ್ತ ಮಾವ, “ನಮ್ಮ ಕಡೆ ಯಕ್ಷಗಾನಕ್ಕೆ ರಾತ್ರಿ ಎಷ್ಟು ಹೊತ್ತಿಗೆ ಹೋದರೂ ಒಂದು ಯುದ್ಧವಾದರೂ ಉಳಿದಿರುತ್ತದೆ” ಎಂದರು. ಒಳಗಿನಿಂದ ಆಗಾಗ ಸಣ್ಣಗೆ ನಗು ಕೇಳಿಸುತ್ತಿತ್ತು. ಅತ್ತೆಯೂ ಪ್ರತಿ ಸಲ ಅದರ ಜೊತೆಗೆ ನಕ್ಕರು. ನಾಟಕ ಚೆನ್ನಾಗಿಯೇ ಇತ್ತೆಂದು ಕಾಣುತ್ತದೆ.

ಹೊರಡುವ ರಾತ್ರಿ ಬಸ್ ನಿಲ್ದಾಣದಲ್ಲಿ ನಾನು ಕೊನೆಯ ಪ್ರಯತ್ನವಾಗಿ ಕರಗದ ವಿಷಯ ತೆಗೆದೆ. ಯುಗಾದಿ ಮುಗಿಸಿಕೊಂಡು ಹದಿನೈದು ದಿನ ಇದ್ದರೆ ಸಾಕು, ನಡುರಾತ್ರಿ ಮಲ್ಲಿಗೆಯ ಘಮಲಿನ ನಡುವೆ ಕರಗ ಹೊರಡುತ್ತದೆ, ಕತ್ತಿ ಹಿಡಿದ ವೀರಕುಮಾರರು ಸುತ್ತ ಇರುತ್ತಾರೆ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ, ನೋಡದೆ ಹೋದರೆ ಬೆಂಗಳೂರನ್ನೇ ನೋಡಿದಂತಲ್ಲ ಎಂದೆಲ್ಲ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, “ನೀನು ಜೋಗ ನೋಡಲು ಪ್ರತಿ ವರ್ಷ ಯಾವಾಗ ಬರುತ್ತೀಯ?” ಎಂದು ಕೇಳಿದರು. ಮಗನಿಗೆ ರಜೆಯಿರುವುದು ಮೇ ತಿಂಗಳಲ್ಲಿ ಎಂದೆ. “ಮೇ ತಿಂಗಳಲ್ಲಿ ನಾನು ನಿನಗೆ ರಾಜಾ, ರಾಣಿ, ರೋರರ್, ರಾಕೆಟ್ ಎಂದು ಒಂದೊಂದಾಗಿ ತೋರಿಸಿದ್ದು ಏನು?”

ಒಣಗಿದ ಬಂಡೆಯನ್ನು ಎಂದು ಒಪ್ಪಿಕೊಳ್ಳಬೇಕಾಯಿತು.

“ನೀನೂ ನನಗೆ ಬಂಡೆ ತೋರಿಸಿದೆ. ಲೆಕ್ಕ ಚುಕ್ತಾ” ಎಂದು ಮಾವ ಬಸ್ಸು ಹತ್ತಿದರು. ಅತ್ತೆ ಕಿಟಕಿಯಿಂದ ತಲೆ ಹಾಕಿ, ಆಗಸ್ಟಿನಲ್ಲಿ ಬಂದರೆ ಜೋಗ ತುಂಬಿರುತ್ತದೆ, ಮೂರು ದಿನ ರಜೆ ಹಾಕಿಯಾದರೂ ಬರಬೇಕೆಂದು ಕರೆದರು. ಆಗಸ್ಟಿನಲ್ಲಿ ಮಂಜು ಮುಸುಕಿಕೊಂಡರೆ ಎದುರಿಗಿರುವ ಜಲಪಾತವೂ ಕಾಣುವುದಿಲ್ಲವಂತಲ್ಲ ಅತ್ತೆ ಎಂದು ನಾನು ಕೇಳಿದಾಗ ಬಸ್ಸು ಹೊರಟಿತ್ತು. “ಕಾಣದಿದ್ದರೇನು, ನಿನ್ನ ಮಾವ ಹೇಳುತ್ತಾರೆ” ಎಂದರು ಅತ್ತೆ.