ಕಾಲಿಲ್ಲದ ಲಕ್ಷ್ಮಿ

ಸಂಜೆ ಆರೂಮುಕ್ಕಾಲಿಗೆ, ಬ್ಯಾಗಿನ ಜಿಪ್ ಎಳೆಯುವ ಹೊತ್ತಿಗೆ ಸರಿಯಾಗಿ, ಕ್ಲೈಂಟ್ ಜೊತೆ ವ್ಯವಹರಿಸುವ ಸರ್ವಿಸಿಂಗ್‌ನವರು ಡಿಸೈನ್ ಸ್ಟುಡಿಯೋ ಬಾಗಿಲಲ್ಲಿ ಇಣುಕುತ್ತಾರೆ. ‘ಬಾಸ್, ಕ್ಲೈಂಟ್ ಓಕೆ ಮಾಡಿದಾರೆ. ಒಂಚೂರು ಕನ್ನಡ ಹಾಕಿಬಿಟ್ರೆ ಮುಗೀತು.’

ಒಂಚೂರು! ಇಂಗ್ಲಿಷ್ ಹೆಡ್‌ಲೈನಿಗೆ ಹನ್ನೊಂದು ದಿನ, ಹದಿನಾಲ್ಕು ಆಪ್ಷನ್ನು. ಕನ್ನಡಕ್ಕೆ, ಕ್ಯಾಬ್ ಬರುವ ತನಕ. ಬೆಂಗಳೂರಿನ ಜಾಹೀರಾತು ಏಜೆನ್ಸಿಗಳಲ್ಲಿ ಈ ಕೆಲಸಕ್ಕೆ ‘ಅಡಾಪ್ಟ್’ ಅಂತ ಹೆಸರು.

ವಾಟ್ಸಾಪಿನಲ್ಲಿ ಬಂದ ಸಾಲನ್ನು ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನಿಗೆ ಅಂಟಿಸಿದರೆ ‘ಹಬ್ಬಕ್ಕೆ’ ಹೋಗಿ ‘ಹಬ್‌ಬಕ್‌ಕೆ’ ಆಗಿರುತ್ತದೆ. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ, ಎರಡು ಕ್ಲಿಕ್ಕಿನ ಕೆಲಸ. ಆದರೆ ಕನ್ನಡ ಓದಲು ಬಾರದ ಡಿಸೈನರ್‌ಗೆ ಕೆಟ್ಟಿದೆ ಅಂತ ಗೊತ್ತಾಗುವುದಾದರೂ ಹೇಗೆ? ಅವರ ಕಣ್ಣಿಗೆ ಎರಡೂ ಜಿಲೇಬಿಯೇ.

ಇದು ನೆಗಡಿ. ದೊಡ್ಡ ಕಾಯಿಲೆ ಒತ್ತಕ್ಷರದ್ದು. ಇಂಗ್ಲಿಷ್ ಅಕ್ಷರ ಗೆರೆಯ ಮೇಲೆ ಕೂತುಬಿಡುತ್ತದೆ, ಆಗೀಗ ಒಂದೆರಡು ಬಾಲ ಇಳಿಬಿಟ್ಟರೆ ಹೆಚ್ಚು. ಕನ್ನಡದ್ದು ಹಾಗಲ್ಲ, ಜಗಲಿಯಲ್ಲಿ ಕೂತು ಕಾಲು ಇಳಿಬಿಡುವ ಜಾತಿ. ತಂತ್ರಾಂಶ ತಾನಾಗಿ ಕೊಡುವ ಲೀಡಿಂಗು (ಸಾಲಿಂದ ಸಾಲಿಗಿನ ಅಂತರ) ಅಕ್ಷರದ ಅಳತೆಯ ಶೇ. 120, ಅಂದರೆ 40 ಪಾಯಿಂಟ್ ಅಕ್ಷರಕ್ಕೆ 48. ಕನ್ನಡಕ್ಕೆ 56 ಬೇಕು. ಮೇಲಿನ ಸಾಲಲ್ಲಿ ‘ವಸ್ತ್ರ’, ಅದರ ನೇರ ಕೆಳಗೆ ‘ರೇಷ್ಮೆ’ ಬಂದರಂತೂ 60 ಇಟ್ಟರೇ ನೆಮ್ಮದಿ. ಇಲ್ಲವಾದರೆ ‘ವಸ್ತ್ರ’ದ ಒತ್ತುಗಳು ಕೆಳಗಿನ ಸಾಲಿನ ತಲೆ ತುಳಿಯುತ್ತವೆ. ಜಾಗ ಎಲ್ಲಿಂದ ತರುವುದು? ಲೇಔಟು ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ.

ಇನ್ನು ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಪಟ್ಟಿಯಿಂದ ಒತ್ತುಗಳು ಕೆಳಗಿನ ಬಿಳಿ ಜಾಗಕ್ಕೆ ಇಳಿದು ಮಾಯವಾಗುತ್ತವೆ. ಉಳಿಯುವುದು ‘ವರಮಹಾಲಕ್ಷಿ ಹಬಕೆ’. ಕಾಲಿಲ್ಲದ ಲಕ್ಷ್ಮಿ ಅಂಗಡಿ ಬಿಟ್ಟು ಕದಲುವುದಿಲ್ಲ, ಶುಭವೇ ಅಂತ ಚಿನ್ನದಂಗಡಿಯವರು ಸಮಾಧಾನಪಟ್ಟುಕೊಂಡಾರೇನೋ. ಪಟ್ಟಿಯನ್ನು ಕೆಳಕ್ಕೆ ಒಂದಿಷ್ಟು ಎಳೆದರೆ ಸಾಕಿತ್ತು. ಅಷ್ಟರೊಳಗೆ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ ಪ್ರಿಂಟಿಗೆ ಕಳಿಸಿಯಾಗಿರುತ್ತದೆ. ಔಟ್‌ಲೈನ್ ಆದ ಅಕ್ಷರ ಬರೀ ಚಿತ್ರ. ತಿದ್ದಬೇಕೆಂದರೆ ಮೂಲ ಫೈಲು ಹುಡುಕಬೇಕು, ಅದು ಯಾರ ಲ್ಯಾಪ್‌ಟಾಪಿನಲ್ಲಿದೆಯೋ ಅವರು ಕ್ಯಾಬ್ ಹತ್ತಿರುತ್ತಾರೆ.

2024ರ ತಿದ್ದುಪಡಿ ಬಂದ ಮೇಲೆ ಅಂಗಡಿಗಳ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯ. ಒಳ್ಳೆಯದೇ. ಟೇಪು ಹಿಡಿದು ಅಳೆಯುವವರು ಒತ್ತು ಎಣಿಸುವುದಿಲ್ಲ, ಅಷ್ಟೇ.

‘ತ್ವರೆಮಾಡಿ’ಯ ವಿಷಯ ಎತ್ತಲೇಬಾರದು ಅಂದುಕೊಂಡಿದ್ದೆ. ಬಸ್ಸು ಹೊರಟಾಗ, ಹಾಲು ಉಕ್ಕುವಾಗ, ಮನೆಗೆ ಬೆಂಕಿ ಬಿದ್ದಾಗಲೂ ಯಾವ ಕನ್ನಡಿಗನ ಬಾಯಲ್ಲೂ ಬಾರದ ಆ ಪದ ಜಾಹೀರಾತಿನಲ್ಲಿ ಮಾತ್ರ ಚಿರಂಜೀವಿ. ‘ಬೇಗ ಬನ್ನಿ’ ಅಂತ ಬರೆದುಕೊಟ್ಟರೆ ‘ಸ್ವಲ್ಪ ಪ್ರೊಫೆಷನಲ್ ಆಗಿರಲಿ’ ಅಂತ ವಾಪಸ್ ಬರುತ್ತದೆ.

ಎಲ್ಲದರ ನಡುವೆ ಒತ್ತು, ದೀರ್ಘ ಒಂದೂ ತಪ್ಪದೆ ಅಚ್ಚಾಗುವುದು ಒಂದೇ ಸಾಲು. ಕಟ್ಟಕಡೆಗೆ, ಆರು ಪಾಯಿಂಟಿನಲ್ಲಿ, ‘ಷರತ್ತುಗಳು ಅನ್ವಯಿಸುತ್ತವೆ’. ಅದನ್ನು ಹೋದ ಯುಗಾದಿಯ ಫೈಲಿನಿಂದ ಎತ್ತಿ ಹಾಕಿರುತ್ತಾರೆ.