ಒಪ್ಪಿಕೊಳ್ಳುವ ಮುಂಚಿನ ಹತ್ತು ನಿಮಿಷ

ಫ್ರೀಲಾನ್ಸ್ ಅನುವಾದಕ್ಕೆ ಇಳಿದ ಹುಡುಗ ಹುಡುಗಿಯರು ಇನ್‌ಬಾಕ್ಸ್‌ಗೆ ಬಂದು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಟೈಮ್ ಹೇಗೆ ಹೊಂದಿಸಿಕೊಳ್ಳುತ್ತೀರಿ? ಎಷ್ಟು ಗಂಟೆಗೆ ಏಳುತ್ತೀರಿ, ಯಾವ ಆಪ್ ಬಳಸುತ್ತೀರಿ, 25 ನಿಮಿಷ ಕೆಲಸ 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಪದ್ಧತಿಯಿಂದ ನಿಜವಾಗಲೂ ಉಪಯೋಗ ಇದೆಯಾ? ಕೆಲವರಿಗೆ ಇದೆ. ಅದರ ಬಗ್ಗೆ ತಕರಾರಿಲ್ಲ. ಆದರೆ ಮನೆಯಲ್ಲಿ ಕೂತು ದೂರದ ಅನುವಾದ ಏಜೆನ್ಸಿಗಳಿಗೆ ಕೆಲಸ ಮಾಡುವವರ ದಿನ ಹಾಳಾಗುವುದು ಕೆಲಸ ಶುರು ಮಾಡುವ ಮುಂಚೆಯೇ ಅಂತ ನನ್ನ ನಂಬಿಕೆ. ಮೇಲ್‌ಗೆ "ಸರಿ, ಮಾಡಿಕೊಡುತ್ತೇನೆ" ಅಂತ ಉತ್ತರ ಟೈಪ್ ಮಾಡುತ್ತೇವಲ್ಲ, ಆಗಲೇ ಎರಡು ದಿನದ ಹಣೆಬರಹ ಬರೆದು ಮುಗಿದಿರುತ್ತದೆ. ಆಮೇಲೆ ಯಾವ ಟೈಮ್‌ಟೇಬಲ್ ಹಾಕಿದರೂ ಅಷ್ಟೇ.

ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿಯುವವರು ಮೊದಲು ತೋಟ ಸುತ್ತುತ್ತಾರೆ. ಮರದಲ್ಲಿ ಅಡಿಕೆ ಗೊನೆ ಎಷ್ಟಿದೆ, ಫಸಲು ಹೇಗಿದೆ ಅಂತ ಕತ್ತೆತ್ತಿ ನೋಡಿದ ಮೇಲೆ ಬೆಲೆ ಹೇಳುತ್ತಾರೆ. ನಾವು ಅನುವಾದಕರು ಫೈಲ್ ತೆರೆಯದೆಯೇ ಒಪ್ಪಿಕೊಳ್ಳುತ್ತೇವೆ. ಕೆಲಸ ಬೇರೆಯವರಿಗೆ ಹೋಗಿಬಿಡುತ್ತದೆ ಅನ್ನುವ ಭಯ. ಆ ಭಯ ಸುಳ್ಳಲ್ಲ. ಎಷ್ಟೋ ಏಜೆನ್ಸಿಗಳ ಪೋರ್ಟಲ್‌ನಲ್ಲಿ ಮೊದಲು ಒಪ್ಪಿದವರಿಗೇ ಕೆಲಸ, ಒಂದೇ ಮೇಲ್ ಹತ್ತು ಜನಕ್ಕೆ ಹೋಗಿರುತ್ತದೆ, ಹಾಗಾಗಿ ದಿನವಿಡೀ ಫೋನ್ ಕೈಯಲ್ಲಿ ಹಿಡಿದು ಕೂರುವುದೇ ಒಂದು ಕೆಲಸ ಆಗಿಬಿಡುತ್ತದೆ. ಕೈಯಲ್ಲಿರುವ ಅನುವಾದದ ವಾಕ್ಯ ಅರ್ಧಕ್ಕೆ ನಿಂತಿರುತ್ತದೆ, ಕಣ್ಣು ನೋಟಿಫಿಕೇಶನ್ ಮೇಲಿರುತ್ತದೆ. ಇದು ಗಮನ ಕದಿಯುವಷ್ಟು ಇನ್‌ಸ್ಟಾಗ್ರಾಮ್ ಕೂಡ ಕದಿಯುವುದಿಲ್ಲ. ಅಂಥ ಪೋರ್ಟಲ್‌ಗಳ ನೋಟಿಫಿಕೇಶನ್ ನಾನು ಆಫ್ ಮಾಡಿಟ್ಟಿದ್ದೇನೆ. ಕೆಲವು ಕೆಲಸ ಕೈತಪ್ಪುತ್ತವೆ, ತಪ್ಪಲಿ. ಏಜೆನ್ಸಿಯಲ್ಲಿ ಕೆಲಸ ಹಂಚುವ ಪ್ರಾಜೆಕ್ಟ್ ಮ್ಯಾನೇಜರ್‌ಗಳಲ್ಲಿ ನಮ್ಮ ಹೆಸರು ಹಿಡಿದು ಮೇಲ್ ಮಾಡುವವರು ನಾಲ್ಕೇ ಜನ ಇದ್ದರೂ ಅವರು ಕೊಡುವ ಕೆಲಸವೇ ಬದುಕು ನಡೆಸುವುದು.

ಈಗ ಫೈಲ್ ವಿಷಯಕ್ಕೆ ಬರೋಣ. ಹೊಸ ಪಠ್ಯ ಆದರೆ ದಿನಕ್ಕೆ ಎರಡು ಸಾವಿರದಿಂದ ಎರಡೂವರೆ ಸಾವಿರ ಪದ ಅನ್ನುವುದು ಈ ಕಸುಬಿನಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಎಂಟು ಗಂಟೆಗೆ ಎರಡು ಸಾವಿರ ಅಂದರೆ ಗಂಟೆಗೆ 250 ಪದ. ಆದರೆ ಮೇಲ್‌ನಲ್ಲಿ ಬರುವ ಸಂಖ್ಯೆ ಈ ಲೆಕ್ಕಕ್ಕೆ ಕೂರುವುದೇ ಇಲ್ಲ. ಟ್ರಾಡೋಸ್, ಮೆಮೊಕ್ಯೂ ಥರದ ಕ್ಯಾಟ್ ಟೂಲ್‌ಗಳು, ಅಂದರೆ ಅನುವಾದಕ್ಕೆ ನೆರವಾಗುವ ಸಾಫ್ಟ್‌ವೇರ್‌ಗಳು, ಹಳೆಯ ಅನುವಾದದ ಜೊತೆ ಹೋಲಿಸಿ, ಇಷ್ಟು ಪದ ಹಳೆಯದು, ಇಷ್ಟು ಅರ್ಧಂಬರ್ಧ ಹೋಲುತ್ತದೆ, ಇಷ್ಟು ಪೂರ್ತಿ ಹೊಸದು ಅಂತ ವಿಂಗಡಿಸುತ್ತವೆ. ಹೋಲುವ ಪದಗಳಿಗೆ ದುಡ್ಡು ಕಡಿತ. ಫೈಲ್‌ನಲ್ಲಿ ಮೂರು ಸಾವಿರ ಪದ ಇದ್ದರೂ ಪಿಒ (ಇಷ್ಟು ಕೆಲಸಕ್ಕೆ ಇಷ್ಟು ದುಡ್ಡು ಅಂತ ಏಜೆನ್ಸಿ ಕಳಿಸುವ ಆರ್ಡರ್) ಬರುವುದು ಅದರ ಅರ್ಧಕ್ಕೋ ಇನ್ನೂ ಕಡಿಮೆಗೋ. ಓದಬೇಕಾದದ್ದು ಮಾತ್ರ ಮೂರು ಸಾವಿರ. ಹಳೆಯ ಅನುವಾದದಲ್ಲಿ ತಪ್ಪಿದ್ದರೆ ಅದನ್ನೂ ನಾವೇ ಹೇಳಬೇಕು. ಮಷಿನ್ ಮಾಡಿದ ಅನುವಾದವನ್ನು ತಿದ್ದುವ ಕೆಲಸ ಬಂದರಂತೂ ಇನ್ನೂ ಹುಷಾರಾಗಿರಬೇಕು. ಫೋನಿನ ಸೆಟ್ಟಿಂಗ್ಸ್‌ನಂಥ ಚಿಕ್ಕ ಚಿಕ್ಕ ವಾಕ್ಯ ಆದರೆ ಬೇಗ ಮುಗಿಯುತ್ತದೆ, ಇನ್ಶೂರೆನ್ಸ್ ಪಾಲಿಸಿಯಂಥ ಉದ್ದ ವಾಕ್ಯ ಆದರೆ ತಿದ್ದುವುದಕ್ಕಿಂತ ಅಳಿಸಿ ಬರೆಯುವುದೇ ಸುಲಭ. ಎರಡಕ್ಕೂ ರೇಟ್ ಒಂದೇ ಕೊಡುತ್ತಾರೆ!

ಇದೆಲ್ಲ ಫೈಲ್ ತೆರೆದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮಧ್ಯದ ಒಂದು ಪುಟ, ಕೊನೆಯ ಒಂದು ಪುಟ ಓದಿ. ಮೊದಲ ಪುಟ ನಂಬಬೇಡಿ, ಅದು ಯಾವಾಗಲೂ ಸುಲಭವಾಗಿಯೇ ಇರುತ್ತದೆ. ವಾಕ್ಯದ ನಡುವೆ ಬರುವ ಕೋಡ್ ಗುರುತುಗಳು, ಅಂದರೆ ಟ್ಯಾಗ್‌ಗಳು, ಎಷ್ಟಿವೆ ನೋಡಿ. ಆಪ್‌ನ ಪಠ್ಯದಲ್ಲಿ ಹೆಸರು, ಸಂಖ್ಯೆ ಬರುವ ಜಾಗದಲ್ಲಿ ಪುಟ್ಟ ಆವರಣ ಇರುತ್ತದಲ್ಲ, ಅಲ್ಲಿ ಏನು ಬರುತ್ತದೋ ಗೊತ್ತಿಲ್ಲದೆ ಕನ್ನಡದ ವಿಭಕ್ತಿ ಕೂರಿಸಲು ಒದ್ದಾಡಬೇಕು. ಅಂಥದ್ದು ತುಂಬಿದ್ದರೆ ಗಂಟೆಗೆ 250 ಪದ ಮರೆತುಬಿಡಿ. ಇಷ್ಟು ನೋಡಿ, ನಿಮ್ಮ ಅಂದಾಜು ಗಂಟೆ ಲೆಕ್ಕ ಹಾಕಿ, ಆಮೇಲೆ ಉತ್ತರ ಬರೆಯಿರಿ.

ಉತ್ತರದಲ್ಲಿ ಒಂದು ಪ್ರಶ್ನೆ ಇರಲೇಬೇಕು. ಯಾರ ಗಡಿಯಾರದ ಪ್ರಕಾರ ಡೆಡ್‌ಲೈನ್? "ನಾಳೆ ಇಒಡಿ", ಅಂದರೆ ನಾಳೆ ದಿನದ ಕೆಲಸ ಮುಗಿಯುವುದರೊಳಗೆ, ಅಂತ ಬರೆದು ಬಿಡುತ್ತಾರೆ. ಬರ್ಲಿನ್‌ನಲ್ಲಿ ಸಂಜೆ ಐದು ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ 8:30, ಚಳಿಗಾಲದಲ್ಲಿ 9:30. ನ್ಯೂಯಾರ್ಕ್‌ನ ಸಂಜೆ ಐದು ನಮ್ಮ ನಡುರಾತ್ರಿ ದಾಟಿ 2:30 ಅಥವಾ 3:30. ಕ್ಯಾಲಿಫೋರ್ನಿಯಾದವರ ಸಂಜೆ ಐದು ನಮಗೆ ಮರುದಿನ ಬೆಳಗ್ಗೆ 5:30 ಅಥವಾ 6:30. ನಾವು ಗಡಿಯಾರ ತಿರುಗಿಸುವವರಲ್ಲ, ಅವರು ವರ್ಷಕ್ಕೆ ಎರಡು ಸಲ ತಿರುಗಿಸುತ್ತಾರೆ. ಅದೂ ಒಟ್ಟಿಗೆ ಅಲ್ಲ. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನವರು ಮಾರ್ಚ್‌ನ ಕೊನೇ ಭಾನುವಾರ. ನಡುವಿನ ಎರಡು ಮೂರು ವಾರ ಇಬ್ಬರ ಜೊತೆಗೂ ಕಾಲ್ ಇದ್ದವರ ಪಾಡು ಯಾರಿಗೂ ಬೇಡ. ಡೆಡ್‌ಲೈನ್ ಯಾವತ್ತೂ ಭಾರತದ ಸಮಯದಲ್ಲೇ ಬರೆದು ಅವರಿಂದ ಒಪ್ಪಿಗೆ ತೆಗೆದುಕೊಳ್ಳಿ. ಮುಜುಗರ ಪಡುವಂಥದ್ದು ಏನೂ ಇಲ್ಲ ಇದರಲ್ಲಿ, ಅವರಿಗೂ ಗೊಂದಲ ತಪ್ಪುತ್ತದೆ.

ಈ ಗಂಟೆಗಳ ಲೆಕ್ಕದಲ್ಲಿ ನಮಗೊಂದು ಲಾಭ ಅಡಗಿದೆ, ಅದನ್ನು ತುಂಬಾ ಜನ ಗಮನಿಸುವುದಿಲ್ಲ. ಯುರೋಪಿನ ಪ್ರಾಜೆಕ್ಟ್ ಮ್ಯಾನೇಜರ್‌ಗಳು ಅವರ ಬೆಳಗ್ಗೆ ಒಂಬತ್ತಕ್ಕೆ ಕೂತಾಗ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 12:30. ಅಷ್ಟರವರೆಗೆ ಒಂದೂ ಮೇಲ್ ಬರುವುದಿಲ್ಲ, ಚಾಟ್‌ನಲ್ಲಿ ಯಾರೂ ಕೂಗುವುದಿಲ್ಲ. ವಿದೇಶಿ ಕ್ಲೈಂಟ್ ಅಂದರೆ ರಾತ್ರಿ ನಿದ್ದೆಗೆಡಬೇಕು ಅಂತ ಹೊಸಬರು ಅಂದುಕೊಂಡು, ಬೆಳಗ್ಗೆ ಹತ್ತರವರೆಗೆ ಮಲಗಿ, ಮಧ್ಯಾಹ್ನ ಮೇಲ್ ನುಗ್ಗುವ ಹೊತ್ತಿಗೆ ಅನುವಾದ ಶುರು ಮಾಡುತ್ತಾರೆ. ಅಂದರೆ ಇಡೀ ದಿನದ ಅತ್ಯಂತ ಶಾಂತವಾದ ಹೊತ್ತನ್ನು ನಿದ್ದೆಯಲ್ಲಿ ಕಳೆದು, ಅತ್ಯಂತ ಗದ್ದಲದ ಹೊತ್ತಲ್ಲಿ ತಲೆ ಉಪಯೋಗಿಸುತ್ತಾರೆ. ನನ್ನ ಅನುವಾದ ಏನಿದ್ದರೂ ಬೆಳಗ್ಗೆ. ಮಧ್ಯಾಹ್ನದ ನಂತರ ಮೇಲ್, ಇನ್ವಾಯ್ಸ್, ಬೇರೆಯವರ ಅನುವಾದ ಪರಿಶೀಲನೆ. ಅಮೆರಿಕದ ಕ್ಲೈಂಟ್ ಜಾಸ್ತಿ ಇರುವವರಿಗೆ ನಮ್ಮ ಇಡೀ ಹಗಲೇ ಶಾಂತ, ಸಂಜೆ ಮೇಲೆ ಗದ್ದಲ.

ಆದರೆ ಆ ಬೆಳಗ್ಗೆ ಅನ್ನುವುದು ಮನೆಯಲ್ಲಿ ನಮ್ಮ ಕೈಯಲ್ಲಿರಬೇಕಲ್ಲ. ಇಲ್ಲಿ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಟೈಮ್ ಮ್ಯಾನೇಜ್‌ಮೆಂಟ್ ಬಗ್ಗೆ ಬರೆಯುವ ಗಂಡಸರು "ಬೆಳಗಿನ ಮೊದಲ ನಾಲ್ಕು ಗಂಟೆ ಮುಖ್ಯ ಕೆಲಸಕ್ಕೆ ಇಡಿ" ಅಂತ ಆರಾಮಾಗಿ ಬರೆಯುತ್ತಾರೆ. ಆ ಹೊತ್ತಲ್ಲಿ ಅವರ ಮನೆಯ ತಿಂಡಿ ಯಾರು ಮಾಡುತ್ತಿರುತ್ತಾರೆ? ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ! ಒಬ್ಬ ಅನುವಾದಕಿ ಒಂದು ದಿನದಲ್ಲಿ ತಲೆ ಓಡಿಸಿ ಮಾಡಬಹುದಾದ ಒಳ್ಳೆಯ ಕೆಲಸವೇ ಅಷ್ಟು ಹೊತ್ತಿನದು. ಅದರ ಮೇಲೆ "ಹೇಗೂ ಮನೇಲೇ ಇರ್ತೀಯಲ್ಲ" ಅನ್ನುವ ಮಾತು ಬೇರೆ. ಗ್ಯಾಸ್ ಸಿಲಿಂಡರ್ ಬಂದರೆ ನೀನೇ ತಗೋ, ಮಗೂನ ಶಾಲೆಯ ಮೀಟಿಂಗ್‌ಗೆ ನೀನೇ ಹೋಗು, ಅಡಿಕೆ ಸುಗ್ಗಿಯಲ್ಲಿ ಸುಲಿಯುವವರಿಗೆ ಕಾಫಿ ತಿಂಡಿ ನೋಡಿಕೋ. ಅದೇ ಮನೆಯಿಂದ ಕೆಲಸ ಮಾಡುವ ಮಗನ ರೂಮಿನ ಬಾಗಿಲು ಹಾಕಿದ್ದರೆ "ಮೀಟಿಂಗಲ್ಲಿದ್ದಾನೆ, ಸದ್ದು ಮಾಡಬೇಡಿ" ಅಂತ ಮೆಲ್ಲಗೆ ನಡೆಯುತ್ತಾರೆ.

ಇದಕ್ಕೆ ಒಂದೇ ಉಪಾಯ ಕೆಲಸ ಮಾಡಿದ್ದು. "ನನಗೆ ಕೆಲಸ ಇದೆ" ಅಂದರೆ ಮನೆಯಲ್ಲಿ ಯಾರ ತಲೆಗೂ ಹೋಗುವುದಿಲ್ಲ. "ಒಂಬತ್ತರಿಂದ ಹನ್ನೆರಡೂವರೆ ತನಕ ನಾನು ಇಲ್ಲ ಅಂದುಕೊಳ್ಳಿ ಅತ್ತೆ, ಆಮೇಲೆ ಏನಿದ್ದರೂ ಹೇಳಿ" ಅಂದರೆ ಅರ್ಥ ಆಗುತ್ತದೆ. ದಿನಾ ಅದೇ ಹೊತ್ತು ಇರಬೇಕು, ಬದಲಾಯಿಸುತ್ತಾ ಹೋದರೆ ಮತ್ತೆ ಮೊದಲಿನ ಹಾಗೇ. ತಿಂಗಳ ಕೊನೆಗೆ ದುಡ್ಡು ಬಂದಾಗ ಇಷ್ಟು ಬಂತು ಅಂತ ಅತ್ತೆಗೂ ಹೇಳಿ. ಲ್ಯಾಪ್‌ಟಾಪ್ ಮುಂದೆ ಕೂರುವುದಕ್ಕೂ ಮನೆಯ ಸಾಲದ ಕಂತಿಗೂ ಸಂಬಂಧ ಇದೆ ಅಂತ ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಸಿಲಿಂಡರ್ ತೆಗೆದುಕೊಳ್ಳುವವರು ಬೇರೆ ಆಗಿದ್ದಾರೆ.

ಮಳೆಗಾಲದ ಕರೆಂಟಿನ ವಿಷಯ ಉದ್ದ ಬೇಡ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ವೈಫೈ ರೂಟರ್‌ಗೆ ಇಲ್ಲ. ರೂಟರ್‌ಗೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತದೆ, ತೆಗೆದುಕೊಳ್ಳಿ. ಮರ ಬಿದ್ದು ಫೈಬರ್ ತುಂಡಾದ ದಿನಕ್ಕೆ ಇನ್ನೊಂದು ಕಂಪನಿಯ ಸಿಮ್ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಡೆಡ್‌ಲೈನ್ ಕೇಳುವಾಗಲೇ ಅರ್ಧ ದಿನ ಜಾಸ್ತಿ ಕೇಳಿ.

ಈಗ ದುಡ್ಡು. ಟೈಮ್ ಸಾಲುತ್ತಿಲ್ಲ ಅಂತ ಬರುವ ಹೆಚ್ಚಿನವರ ನಿಜವಾದ ತೊಂದರೆ ರೇಟ್. ಲೆಕ್ಕ ಹಾಕೋಣ. ತಿಂಗಳಿಗೆ 22 ದಿನ ಕೆಲಸ. ದಿನಕ್ಕೆ ಎಂಟು ಗಂಟೆ ಕೂತರೂ ದುಡ್ಡು ಹುಟ್ಟುವುದು ಐದು ಗಂಟೆಗೆ ಮಾತ್ರ. ಉಳಿದದ್ದು ಮೇಲ್, ಕ್ಲೈಂಟ್‌ನ ಪ್ರಶ್ನೆಗಳ ಶೀಟ್, ಅನುವಾದದಲ್ಲಿ ತಪ್ಪು ಹುಡುಕುವ ಕ್ಯೂಎ ಟೂಲ್ ತೋರಿಸುವ ಸುಳ್ಳು ತಪ್ಪುಗಳಿಗೆ ಒಂದೊಂದಾಗಿ ಉತ್ತರ, ಇನ್ವಾಯ್ಸ್, ಪೇಮೆಂಟ್ ಯಾವಾಗ ಅಂತ ಕೇಳುವುದು. ಇದಕ್ಕೆಲ್ಲ ಪಿಒ ಇಲ್ಲ. ಹಾಗಾದರೆ ತಿಂಗಳಿಗೆ 110 ಗಂಟೆ, ಗಂಟೆಗೆ 250 ಪದದ ಹಾಗೆ 27,500 ಪದ. ಪದಕ್ಕೆ ಒಂದು ರೂಪಾಯಿ ಒಪ್ಪಿಕೊಂಡಿದ್ದರೆ ತಿಂಗಳಿಗೆ 27,500 ರೂಪಾಯಿ. ಪಿಎಫ್ ಇಲ್ಲ, ರಜೆ ಇಲ್ಲ, ಹೆಲ್ತ್ ಇನ್ಶೂರೆನ್ಸ್ ನಮ್ಮದೇ ಖರ್ಚು. ನಿಮಗೆ ಅರವತ್ತು ಸಾವಿರ ಬೇಕು ಅಂತಿದ್ದರೆ ಪದಕ್ಕೆ 2 ರೂಪಾಯಿ 20 ಪೈಸೆ ಆಗಬೇಕು. ಇಲ್ಲದಿದ್ದರೆ ದಿನಕ್ಕೆ ಹದಿನಾಲ್ಕು ಗಂಟೆ ಕೂರುತ್ತೀರಿ, ಅದನ್ನು ಸರಿ ಮಾಡಲು ಆಪ್ ಹುಡುಕುತ್ತೀರಿ. ಯಾವ ಆಪ್ ತಾನೇ ಏನು ಮಾಡೀತು?

ಪೇಮೆಂಟ್ ಹಿಂದೆ ಓಡುವುದೂ ಸಮಯವೇ. ಭಾರತದ ಏಜೆನ್ಸಿಗಳಿಗೆ ಕೆಲಸ ಮಾಡುವವರು ಸಣ್ಣ ಉದ್ಯಮಗಳಿಗೆ ಅಂತ ಸರ್ಕಾರದ ಉದ್ಯಮ್ ನೋಂದಣಿ ಇದೆ, ಅದನ್ನು ಮಾಡಿಸಿ, ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ ಇಲ್ಲ. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸಣ್ಣ ಉದ್ಯಮಗಳಿಗೆ ಕೊಡಬೇಕಾದ ದುಡ್ಡನ್ನು ಒಪ್ಪಂದ ಏನೇ ಹೇಳಿದರೂ 45 ದಿನದೊಳಗೆ ಕೊಡಬೇಕು, ತಡ ಆದರೆ ಬಡ್ಡಿ ಸಮೇತ. ಇನ್ವಾಯ್ಸ್ ಮೇಲೆ ಆ ನೋಂದಣಿ ಸಂಖ್ಯೆ ಇದ್ದರೆ ಅಕೌಂಟ್ಸ್‌ನವರು ಸ್ವಲ್ಪ ಬೇಗ ಕಣ್ಣು ಬಿಡುತ್ತಾರೆ. ಇನ್ವಾಯ್ಸ್‌ಗೆ ವಾರದಲ್ಲಿ ಒಂದೇ ಮಧ್ಯಾಹ್ನ ಇಡಿ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ನೇ ತಾರೀಕು ಅಡ್ವಾನ್ಸ್ ಟ್ಯಾಕ್ಸ್ (ಆದಾಯ ತೆರಿಗೆಯ ಮುಂಗಡ ಕಂತು) ಕಟ್ಟಲು ಕೊನೇ ದಿನ, ಕ್ಯಾಲೆಂಡರ್‌ನಲ್ಲಿ ಈಗಲೇ ಬರೆದುಕೊಳ್ಳಿ.

ರೇಟ್ ಜಾಸ್ತಿ ಕೇಳಿದರೆ ಕೆಲಸವೇ ಬರುವುದಿಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಕೆಲವು ಕಡೆಯಿಂದ ಬರುವುದಿಲ್ಲ, ನಿಜ. ಆದರೆ "ಇದಕ್ಕಿಂತ ಕಡಿಮೆಗೆ ಮಾಡುವವರು ಇದ್ದಾರೆ" ಅಂತ ಏಜೆನ್ಸಿಯವರು ಹೇಳಿದ ತಕ್ಷಣ ನಾವು ನಂಬುವುದು ಯಾಕೆ? ಬೇರೆಯವರು ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ನಮಗೆ ಗೊತ್ತೇ ಇಲ್ಲ. ಒಬ್ಬೊಬ್ಬರೂ ಒಂದೊಂದು ಊರಲ್ಲಿ ಕೂತು, ರೇಟ್ ಹೇಳಿಕೊಳ್ಳಲು ಸಂಕೋಚ ಪಟ್ಟು, ಒಬ್ಬೊಬ್ಬರಾಗಿ ಇಳಿಯುತ್ತಾ ಹೋಗಿದ್ದೇವೆ. ಕನ್ನಡ ಅನುವಾದ ಮಾಡುವವರು ನನ್ನ ಫ್ರೆಂಡ್ ಲಿಸ್ಟ್‌ನಲ್ಲಿ ಎಷ್ಟೋ ಜನ ಇದ್ದೀರಿ. ನಾನು ಹೊಸ ಅನುವಾದವನ್ನು ಪದಕ್ಕೆ 2 ರೂಪಾಯಿ 20 ಪೈಸೆಗಿಂತ ಕಡಿಮೆಗೆ ಒಪ್ಪುವುದಿಲ್ಲ, ಬೆಳಗಾಗುವುದರೊಳಗೆ ಬೇಕು ಅಂದರೆ ಅದರ ಒಂದೂವರೆ ಪಟ್ಟು ಕೇಳುತ್ತೇನೆ. ನಿಮ್ಮ ರೇಟ್ ಎಷ್ಟು, ಗಂಟೆಗೆ ಎಷ್ಟು ಪದ ಆಗುತ್ತದೆ, ಕೆಳಗೆ ಬರೆಯಿರಿ. ಸಬ್‌ಟೈಟಲ್ ಮಾಡುವವರು ನಿಮಿಷದ ರೇಟ್ ಹೇಳಿ, ಅದರ ಲೆಕ್ಕ ನನಗೂ ಬೇಕಾಗಿದೆ. ಎಲ್ಲರ ಎದುರು ಬರೆಯಲು ಇಷ್ಟ ಇಲ್ಲದವರು ಇನ್‌ಬಾಕ್ಸ್‌ಗೆ ಹಾಕಿ, ಹೆಸರಿಲ್ಲದೆ ಒಟ್ಟು ಮಾಡಿ ಭಾನುವಾರ ಇಲ್ಲೇ ಹಾಕುತ್ತೇನೆ.